ಆಯ್ದ ಆರು ಜನ

ಸಂಜೆ ಕಾಲೇಜಿನಲ್ಲಿ ಓದಿದವನಿಗೆ ಸೂರ್ಯಾಸ್ತ ಅಂದರೆ ಮೊದಲ ಪೀರಿಯಡ್ಡು. ಹಗಲೆಲ್ಲ ಕಚೇರಿ, ಹೊತ್ತು ಇಳಿದರೆ ತರಗತಿ. ಸೂರ್ಯ ಮುಳುಗುತ್ತಾನೆ ಅನ್ನುವುದನ್ನೇ ನಾನು ಪುಸ್ತಕದಲ್ಲಿ ಓದಿ ಪಾಸಾದವನು. ಆದ್ದರಿಂದ ಹಾಯಿದೋಣಿಯಲ್ಲಿ ಕೂತು ನದಿಯ ಮೇಲೆ ಸೂರ್ಯಾಸ್ತ ನೋಡುವ ಆಸೆ ನನ್ನದು ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಆಸೆ ನನ್ನ ಹೆಂಡತಿಯದು. ಅದಕ್ಕೆ ದೊಡ್ಡ ಹೆಸರು ಇಟ್ಟದ್ದು ಮಾತ್ರ ನಾನು.

ನನ್ನ ಹೆಂಡತಿ ಟಾರ್ಪಾಲು, ಡೇರೆ, ಅಂಗಡಿ ಮುಂದಿನ ನೆರಳುಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಹೊಲಿಗೆ ಮೆಷಿನ್ನು ನದಿಯ ಕಡೆಯ ಕಿಟಕಿಗೆ ಅಂಟಿಕೊಂಡಿತ್ತು. ಊರ ನಡುವೆ ಹರಿಯುವ ಆ ನದಿಯಲ್ಲಿ ಒಬ್ಬ ಹಾಯಿದೋಣಿ ಇಟ್ಟುಕೊಂಡಿದ್ದಾನೆ. ಸಂಜೆ ಆರು ಜನರನ್ನು ಕೂರಿಸಿಕೊಂಡು ಕೆಳಗಡೆ ತಿರುವಿನ ತನಕ ಹೋಗಿ, ಹೊತ್ತು ಮುಳುಗುವುದನ್ನು ತೋರಿಸಿ ವಾಪಸು ತರುತ್ತಾನೆ. ಅವನ ಹಳೇ ಹಾಯಿ ಹರಿದು ಚಿಂದಿಯಾದಾಗ ಹೊಸದನ್ನು ಹೊಲಿದವಳು ಇವಳೇ. ಅದಾಗಿ ಸ್ವಲ್ಪ ದಿನಕ್ಕೆ ಊಟಕ್ಕೆ ಕೂತಾಗ ಹೇಳಿದಳು:

"ರೀ, ನನಗೊಂದು ಆಸೆ."

ಮದುವೆಯಾದಾಗಿನಿಂದ ಈ ಮಾತು ಅವಳ ಬಾಯಲ್ಲಿ ಬಂದದ್ದಿಲ್ಲ. ನನಗೆ ಗಾಬರಿಯಾಯಿತು. ಈ ವಯಸ್ಸಿನಲ್ಲಿ ಆಸೆಗಳು ಹುಟ್ಟುವುದು ಡಾಕ್ಟರು ಏನಾದರೂ ಹೇಳಿದ ಮೇಲೆ.

"ಮೈ ಹುಷಾರಿದೆ ತಾನೆ?"

"ಮೈಗೇನು ಧಾಡಿ? ಆ ಹಾಯಿ ಇದೆಯಲ್ಲ, ಅದು ಗಾಳಿ ತುಂಬಿಕೊಂಡಾಗ ಹೇಗಿರುತ್ತೆ ನೋಡಬೇಕು."

"ದಡದಿಂದ ಕಾಣುತ್ತಲ್ಲೇ."

"ದಡದಿಂದ ಊರಿಗೆಲ್ಲ ಕಾಣುತ್ತೆ. ನಾನು ಅದರ ಕೆಳಗೇ ಕೂತು ನೋಡಬೇಕು. ಇಷ್ಟು ವರ್ಷ ಹೊಲಿದದ್ದೆಲ್ಲ ಸರಕು ಮುಚ್ಚೋಕೆ, ಬಿಸಿಲು ತಡೆಯೋಕೆ. ಇದ್ದಲ್ಲೇ ಬಿದ್ದಿರೋ ವಸ್ತುಗಳು. ನಾನು ಹೊಲಿದದ್ದರಲ್ಲಿ ಎಲ್ಲಿಗಾದ್ರೂ ಹೋಗೋ ಅಂಥದ್ದು ಅಂದ್ರೆ ಇದೊಂದೇ."

ಮರುದಿನವೇ ಹೋಗಿ ಶನಿವಾರದ ಸಂಜೆಗೆ ಎರಡು ಸೀಟು ಹೇಳಿ ಬಂದೆ. ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಸುಖಾಂತ.

ನಾನು ಏನು ಕೆಲಸ ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ನೀರು ಸರಬರಾಜು ಕಚೇರಿಯಲ್ಲಿ ದೂರು ಸ್ವೀಕರಿಸುವ ಕಿಟಕಿ ನನ್ನದು. ಆ ಕಿಟಕಿಗೆ ಒಂದು ಸಂಪ್ರದಾಯವಿದೆ. ಅಲ್ಲಿ ಯಾರಿಗೂ ಇಲ್ಲ ಅನ್ನಬಾರದು. ನಲ್ಲಿಯಲ್ಲಿ ನೀರಿನ ಬದಲು ಹಲ್ಲಿ ಬಂದಿದೆ ಎಂದರೂ ತಲೆಯಾಡಿಸಿ, "ಅದಕ್ಕೇನಂತೆ, ಮಾಡೋಣ" ಎಂದು ನಗುನಗುತ್ತಾ ಕಳಿಸಬೇಕು. ಇಲ್ಲ ಅನ್ನುವುದು ಒಳಗಿನ ಮೇಜಿನ ಕೆಲಸ. ಅಲ್ಲೊಬ್ಬ ಗುಮಾಸ್ತ ಅದಕ್ಕೆಂದೇ ಕೂತಿದ್ದಾನೆ. ಜನರ ನಮಸ್ಕಾರವೆಲ್ಲ ನನಗೆ, ಹಿಡಿಶಾಪವೆಲ್ಲ ಅವನಿಗೆ. ಹೀಗೆ ಕೂತು ಕೂತು ಆ ಅಭ್ಯಾಸ ನನ್ನ ಮೂಳೆಗೆ ಇಳಿದಿದೆ. ತೊಂದರೆ ಏನೆಂದರೆ, ಕಚೇರಿಯ ಹೊರಗೆ ಲೋಕದಲ್ಲಿ ಎಲ್ಲೂ ಒಳಗಿನ ಮೇಜು ಇರುವುದಿಲ್ಲ.

ಶನಿವಾರ ಸ್ವಲ್ಪ ಮುಂಚೆ ಹೊರಡಬೇಕಿತ್ತು. ಹೇಳದೆ ಹೋಗುವ ಜನ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನನ್ನ ಮನಸ್ಸು ಒಪ್ಪಲಿಲ್ಲ. ಸಾಹೇಬರ ಮೇಜಿನ ಮುಂದೆ ನಿಂತೆ.

"ಮುಂಚೆ ಹೋಗಬೇಕಾ? ಯಾರು ಹೋದ್ರು ಪಾಪ?" ಎಂದರು ಸಾಹೇಬರು. ನಮ್ಮ ಕಚೇರಿಯಲ್ಲಿ ಸಾವಿಗಲ್ಲದೆ ಬೇರೆ ಯಾವುದಕ್ಕೂ ಅನುಮತಿ ಕೇಳುವ ವಾಡಿಕೆ ಇಲ್ಲ.

"ಯಾರೂ ಇಲ್ಲ ಸಾರ್. ಎಲ್ಲರೂ ಇದ್ದಾರೆ."

"ಮತ್ತೆ?"

ಸುತ್ತ ಪೆನ್ನುಗಳು ನಿಂತವು. ಕೂದಲು ನರೆತ ಮೇಲೆ ಹೆಂಡತಿಯನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗುತ್ತೇನೆ ಎಂದು ಅಷ್ಟು ಜನರ ಮುಂದೆ ಹೇಳುವುದು ಹೇಗೆ? ಸಂಜೆ ಕಾಲೇಜು ಕಲಿಸಿದ ಭಾಷೆ ನೆರವಿಗೆ ಬಂತು.

"ಆಯ್ದ ಆರು ಜನರ ಒಂದು ಸಂಧ್ಯಾ ನೌಕಾಯಾನ ಇದೆ ಸಾರ್."

ಸಾಹೇಬರು ಕನ್ನಡಕ ತೆಗೆದರು. "ಆಯ್ದ ಆರು ಜನ? ಆರಿಸಿದ್ದು ಯಾರು?"

ಯಾರು ಮೊದಲು ಸೀಟು ಹೇಳುತ್ತಾರೋ ಅವರೇ ಆಯ್ದವರು. ಅದನ್ನು ಹೇಳಿದರೆ ಇಷ್ಟು ಕಷ್ಟಪಟ್ಟು ಕಟ್ಟಿದ ವಾಕ್ಯ ಬಿದ್ದುಹೋಗುತ್ತಿತ್ತು. ನಾನು ವಿನಯವಾಗಿ ನಕ್ಕೆ. ವಿನಯದ ನಗೆಯಷ್ಟು ಅಪಾಯದ ವಸ್ತು ಬೇರೊಂದಿಲ್ಲ.

"ಓಹೋ, ನೀವೇ!" ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಇಷ್ಟು ದಿನ ನಿಮ್ಮನ್ನ ಬರೀ ಗುಮಾಸ್ತ ಅಂದ್ಕೊಂಡಿದ್ದೆ. ಅಲ್ರೀ, ಆ ಆಯ್ಕೆಯಲ್ಲಿ ನಮ್ಮ ಹೆಸರೂ ಬಂದಿತ್ತೋ ಇಲ್ವೋ?"

ಮಾತಿನ ಕೊನೆಯಲ್ಲಿ ಅವರ ಹುಬ್ಬು ಮೇಲೆ ಹೋಗಿ ಅಲ್ಲೇ ನಿಂತಿತು. ಆ ಹುಬ್ಬನ್ನು ಕೆಳಗಿಳಿಸುವುದು ನನ್ನ ಕೈಯಲ್ಲಿತ್ತು.

"ಅದಕ್ಕೇನಂತೆ ಸಾರ್," ಎಂದೆ.

"ನಮ್ಮ ಮನೆಯವರೂ ಬರ್ತಾರೆ. ಅವರಿಗೂ ಒಂದು ಬದಲಾವಣೆ."

ನಾನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಕಚೇರಿಯ ಜವಾನ ನಮ್ಮ ಬೀದಿಯವನೇ. ನಮ್ಮ ಮೇಲಿನ ಮನೆಯಲ್ಲಿ ನಿವೃತ್ತ ಹೆಡ್ಮಾಸ್ಟರು ಇದ್ದಾರೆ. ಮೆಟ್ಟಿಲ ಮೇಲೆ ಕೋಲು ಊರಿಕೊಂಡು ನಿಂತಿದ್ದರು.

"ಆರು ಜನರನ್ನ ಆರಿಸಿದ್ದೀಯಂತೆ. ಸಂತೋಷ. ತಲೆ ಮೇಲೇ ಒಬ್ಬ ಮನುಷ್ಯ ವಾಸ ಮಾಡ್ತಿದ್ದಾನೆ ಅನ್ನೋದು ಮರೆತುಹೋಯ್ತು ಅಂತ ಕಾಣುತ್ತೆ."

"ಹಾಗಲ್ಲ ಸಾರ್, ಅದು..."

"ಭೂಗೋಳ ಪಾಠ ಮಾಡಿದವನು ನಾನು. ದೋಣಿಯಲ್ಲಿ ಕೂತಾಗ, ಇದು ನದಿ ಅಂತ ನಿಮಗೆ ಹೇಳೋರು ಯಾರಯ್ಯಾ?"

"ಅದಕ್ಕೇನಂತೆ ಸಾರ್, ನೀವಿಲ್ಲದೆ ಉಂಟಾ?"

ಒಳಗೆ ನನ್ನ ಭಾವ ಬಂದು ಕೂತಿದ್ದ. ನನ್ನ ಹೆಂಡತಿಯ ಅಣ್ಣ, ಬೀಗ ರಿಪೇರಿ ಅಂಗಡಿ ಇಟ್ಟವನು. ಅವನು ಯಾವುದನ್ನೂ ಬಾಯಿಬಿಟ್ಟು ಕೇಳುವುದಿಲ್ಲ. ಸುಮ್ಮನೆ ಮುನಿಸಿಕೊಳ್ಳುತ್ತಾನೆ, ನಾವೇ ಕೊಡಬೇಕು.

"ನಾನೇನೂ ಬರ್ತೀನಿ ಅಂದಿಲ್ಲಪ್ಪಾ," ಎಂದು ಗೋಡೆಗೆ ಹೇಳಿದ. "ಸಾಹೇಬರು ಬರೋ ಕಡೆ ಬೀಗದವನಿಗೇನು ಕೆಲಸ. ತಂಗಿ ದೋಣಿ ಹತ್ತಲಿ, ಅಣ್ಣ ಮೊಳೆ ಹೊಡೀತಾ ಕೂತಿರಲಿ."

"ಅಣ್ಣಾ, ನಿನಗೆ ಬಸ್ಸೇ ಆಗಲ್ಲ," ಎಂದಳು ನನ್ನ ಹೆಂಡತಿ. "ಎರಡು ತಿರುವಿಗೆ ಕಿಟಕಿ ಹುಡುಕ್ತೀಯ."

"ಬಸ್ಸು ಬೇರೆ, ದೋಣಿ ಬೇರೆ. ದೋಣಿಯಲ್ಲಿ ಎಲ್ಲಾ ಕಡೆ ಕಿಟಕಿನೇ."

ನಾನು ಏನು ಅಂದೆ ಎಂದು ಬೇರೆ ಹೇಳಬೇಕಾಗಿಲ್ಲ.

ದೋಣಿಯವನ ಹತ್ತಿರ ಓಡಿ ಉಳಿದ ನಾಲ್ಕು ಸೀಟನ್ನೂ ನನ್ನ ಹೆಸರಿಗೆ ಹೇಳಿ ಬಂದೆ. ಹೀಗೆ ಯಾರನ್ನೂ ಕರೆಯದ ನಾನೇ ಈ ಯಾತ್ರೆಗೆ ಯಜಮಾನನಾದೆ. ನನ್ನ ಹೆಂಡತಿ ಎಲ್ಲವನ್ನೂ ಕೇಳಿ, ಬೆರಳು ಮಡಿಸಿ ನೋಡಿದಳು.

"ಸರಿ, ಆರಾಯ್ತು. ಇನ್ನು ದೇವರೇ ಬಂದು ಕೇಳಿದ್ರೂ ಆಗುತ್ತೆ ಅನ್ನಬೇಡಿ. ಯಾರು ಎಲ್ಲಿ ಬೇಕಾದ್ರೂ ಕೂತ್ಕೊಳ್ಳಲಿ. ಹಾಯಿಕಂಬದ ಬುಡ ಮಾತ್ರ ನನ್ನದು."

ಶನಿವಾರ ಅವಳು ಬೆರಳಿನ ಮೆಷಿನ್ನೆಣ್ಣೆ ಕಲೆಗಳನ್ನು ನಿಂಬೆ ಸಿಪ್ಪೆ ಹಾಕಿ ಉಜ್ಜಿ ಉಜ್ಜಿ ತೆಗೆದಳು. ದಾರಿಯುದ್ದಕ್ಕೂ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಕೆನ್ನೆ ತಿರುಗಿಸಿ ನೋಡುತ್ತಿದ್ದಳು. "ಒಳ್ಳೇ ಗಾಳಿ ಇದೆ ರೀ," ಎಂದು ಮೂರು ಸಲ ಹೇಳಿದಳು. ನಾನು ಸಾಹೇಬರನ್ನು ಎದುರಿಗೆ ಕೂರಿಸುವುದೋ ಪಕ್ಕಕ್ಕೆ ಕೂರಿಸುವುದೋ ಎಂಬ ಯೋಚನೆಯಲ್ಲಿದ್ದೆ.

ದೋಣಿಕಟ್ಟೆಯಲ್ಲಿ ಸಾಹೇಬರ ಕಡೆಯಿಂದ ಮೂರು ಜನ ನಿಂತಿದ್ದರು. ಸಾಹೇಬರು, ಅವರ ಹೆಂಡತಿ, ಅವರ ಅತ್ತೆ.

"ಅತ್ತೆಯವರು ಮನೆಯಲ್ಲಿ ಒಬ್ಬರೇ ಆಗ್ತಾರೆ ಅಂತ ಕರ್ಕೊಂಡು ಬಂದ್ವಿ," ಎಂದರು ಸಾಹೇಬರು. "ಹೇಗೂ ನಿಮ್ಮದೇ ಏರ್ಪಾಡು."

ನಾನು ಬಾಯಿ ತೆರೆಯುವ ಮೊದಲೇ ಹೆಡ್ಮಾಸ್ಟರೂ ಭಾವನೂ ಅತ್ತೆಯವರನ್ನು ಆಚೆ ಈಚೆ ಹಿಡಿದು, ಹಲಗೆ ದಾಟಿಸಿ, ಅಲುಗಾಟ ಕಡಿಮೆ ಇರುವ ಜಾಗ ಅಂದರೆ ಇದೇ ಎಂದು ಹಾಯಿಕಂಬದ ಬುಡಕ್ಕೆ ಕೂರಿಸಿಬಿಟ್ಟರು. ಆಮೇಲೆ ತಾವೂ ಕೂತರು. ಸಾಹೇಬರು ಸಪತ್ನೀಕರಾಗಿ ಕೂತರು. ದಡದಲ್ಲಿ ಉಳಿದವರು ನಾವಿಬ್ಬರು.

"ಇನ್ನೊಬ್ಬರೇ," ಎಂದ ದೋಣಿಯವನು. "ಆರರ ಮೇಲೆ ಒಂದು ಇರುವೆ ಹತ್ತಿದ್ರೂ ನಾನು ಹಗ್ಗ ಬಿಚ್ಚಲ್ಲ. ಲೈಫ್ ಜಾಕೆಟ್ಟು ಆರೇ ಇರೋದು." ಅಷ್ಟು ಹೇಳಿ ಚುಕ್ಕಾಣಿ ಸರಿಮಾಡಲು ದೋಣಿಯ ಆ ತುದಿಗೆ ಹೋದ.

ಒಂದು ಕ್ಷಣ ಎಲ್ಲರೂ ನದಿ ನೋಡಿದರು. ಆಮೇಲೆ ಶುರುವಾಯಿತು ತ್ಯಾಗ.

"ನಾನು ಇಳಿದುಬಿಡ್ತೀನಿ," ಎಂದರು ಹೆಡ್ಮಾಸ್ಟರು, ಜಾಕೆಟ್ಟಿನ ಕೊನೆಯ ಪಟ್ಟಿಯನ್ನು ಎಳೆದು ಬಿಗಿಯುತ್ತಾ.

"ನೀವು ಹಿರಿಯರು, ನೀವ್ಯಾಕೆ? ನಾನಿಲ್ವಾ?" ಎಂದ ಭಾವ, ಇನ್ನೂ ಒಳಕ್ಕೆ ಸರಿದು.

"ಛೆ ಛೆ, ನಮ್ಮಿಂದ ಯಾರಿಗೂ ತೊಂದರೆ ಆಗಬಾರದು," ಎಂದರು ಸಾಹೇಬರು. "ಬೇಕಾದ್ರೆ ಅತ್ತೆಯವರನ್ನೇ ಇಳಿಸೋಣ." ಎಲ್ಲರೂ ಅತ್ತೆಯವರ ಕಡೆ ನೋಡಿದರು. ಅವರು ಕಂಬಕ್ಕೆ ಒರಗಿ ಆಗಲೇ ಗೊರಕೆ ಹೊಡೆಯುತ್ತಿದ್ದರು.

"ನಾನೇ ಉಳೀತೀನಿ ಸಾರ್," ಎಂದೆ. ನಿಜವಾಗಿಯೂ ಎಂದೆ. ಇದಕ್ಕೆ ನದಿಯೇ ಸಾಕ್ಷಿ.

ಸಾಹೇಬರ ಹುಬ್ಬು ಮತ್ತೆ ಮೇಲೆ ಹೋಯಿತು. "ನೀವಾ? ಕರೆದವರೇ ದಡದಲ್ಲಿ ನಿಂತ್ರೆ ನಾವೇನು ಕರೆಯದೆ ಬಂದ ಹಾಗಾಗಲ್ವಾ? ಬೇಡ ಬಿಡಿ, ಎಲ್ಲರೂ ಇಳಿಯೋಣ." ಇಳಿಯೋಣ ಎಂದ ಧ್ವನಿಯಲ್ಲೇ ನನ್ನ ಮುಂದಿನ ಹತ್ತು ವರ್ಷಗಳ ರಜೆಗಳು ಕಾಣಿಸಿದವು.

ಎಲ್ಲರ ಕಣ್ಣೂ ಮೆಲ್ಲಗೆ ನನ್ನ ಹೆಂಡತಿಯ ಕಡೆ ತಿರುಗಿತು. ಅವಳ ಒಂದು ಕಾಲು ಹಲಗೆಯ ಮೇಲಿತ್ತು. ಅವಳು ಅವರ್ಯಾರನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ಅಷ್ಟು ಜನ ಕಿಟಕಿಗೆ ಮುತ್ತಿಕೊಂಡಿದ್ದಾರೆ, ಒಬ್ಬರಿಗೆ ಇಲ್ಲ ಅನ್ನಲೇಬೇಕು, ಒಳಗಿನ ಮೇಜು ಇಲ್ಲ.

"ಇವಳಿಗೆ ನೀರಂದ್ರೆ ತಲೆಸುತ್ತು ಸಾರ್," ಎಂದಿತು ನನ್ನ ಬಾಯಿ. "ದಡದಲ್ಲಿದ್ರೇ ಇವಳಿಗೆ ಆರಾಮ."

ಅವಳು ಕಾಲು ಹಿಂದಕ್ಕೆ ತೆಗೆದಳು.

"ಅಯ್ಯೋ, ಮೊದಲೇ ಹೇಳಬಾರದಿತ್ತಾ!" ದೋಣಿಯೆಲ್ಲ ಹಗುರಾಯಿತು. ಸಾಹೇಬರ ಹೆಂಡತಿ ತಮ್ಮ ಕೈಚೀಲವನ್ನು ಚಾಚಿ, "ಹೇಗೂ ಇಲ್ಲೇ ಇರ್ತೀಯಲ್ಲಮ್ಮ, ಇದನ್ನ ಹಿಡ್ಕೊಂಡಿರು, ನೀರು ಸಿಡಿದ್ರೆ ಹಾಳಾಗುತ್ತೆ," ಎಂದರು. ಅದನ್ನು ನೋಡಿ ಹೆಡ್ಮಾಸ್ಟರು ಕೋಲು ಕೊಟ್ಟರು. ಭಾವ ಕೊಡೆ ಕೊಟ್ಟ. ಸಾಹೇಬರು ಕೋಟು ಬಿಚ್ಚಿ ಅವಳ ತೋಳಿನ ಮೇಲೆ ಹಾಕಿದರು. ಹಗ್ಗ ಬಿಚ್ಚುವ ಹೊತ್ತಿಗೆ ನನ್ನ ಹೆಂಡತಿ ಬಟ್ಟೆ ಅಂಗಡಿಯ ಗೂಟದ ಹಾಗೆ ಕಾಣುತ್ತಿದ್ದಳು.

"ಹುಷಾರಾಗಿ ಹೋಗಿ ಬನ್ನಿ," ಎಂದಳು. ಎಲ್ಲರಿಗೂ ಹೇಳಿದಳು.

ನಡುನೀರಿಗೆ ಬಂದಾಗ ದೋಣಿಯವನು ಹಾಯಿ ಏರಿಸಿದ. ಸ್ವಲ್ಪ ಹೊತ್ತು ಅದು ಒಣಹಾಕಿದ ಹಾಸಿಗೆ ಬಟ್ಟೆಯಂತೆ ಪಟಪಟ ಬಡಿದುಕೊಂಡಿತು. ಆಮೇಲೆ ಗಾಳಿ ಹೊಕ್ಕು ಇಡೀ ಹಾಯಿ ಒಂದೇ ಸಲಕ್ಕೆ ಉಬ್ಬಿ ಗಟ್ಟಿಯಾಗಿ ನಿಂತಿತು. ದೋಣಿ ಮುಂದಕ್ಕೆ ಹಾರಿತು.

"ಭಲೆ! ಹಾಯಿ ಅಂದ್ರೆ ಇದು!" ಎಂದರು ಸಾಹೇಬರು.

"ಅಕ್ಕ ಹೊಲಿದದ್ದು," ಎಂದ ದೋಣಿಯವನು ಚುಕ್ಕಾಣಿ ಹಿಡಿದುಕೊಂಡು. "ಅಲ್ಲಾ ಸಾರ್, ಅಕ್ಕ ಯಾಕೆ ಬರ್ಲಿಲ್ಲ? ಇದನ್ನ ನೋಡೋಕೆ ಬಂದೇ ಬರ್ತೀನಿ ಅಂದಿದ್ರು."

"ಅವರಿಗೆ ನೀರಂದ್ರೆ ತಲೆಸುತ್ತಂತೆ ಪಾಪ," ಎಂದರು ಸಾಹೇಬರ ಹೆಂಡತಿ.

"ತಲೆಸುತ್ತಾ? ಅಕ್ಕಂಗಾ?" ದೋಣಿಯವನು ಜೋರಾಗಿ ನಕ್ಕುಬಿಟ್ಟ. "ಅಳತೆ ತಗೊಳ್ಳೋಕೆ ಬಂದಾಗ ಈ ಕಂಬದ ತುದಿ ತನಕ ಹತ್ತಿದ್ರು ಅಮ್ಮಾ! ದೋಣಿ ಹೀಗೆ ಓಲಾಡ್ತಿದೆ, ಬಾಯಲ್ಲಿ ಟೇಪು ಕಚ್ಕೊಂಡು ಮೇಲೆ ಕೂತಿದ್ದಾರೆ. ನನಗೇ ತಲೆ ಸುತ್ತಿತ್ತು!"

ನನ್ನ ಸುಳ್ಳು ಬತ್ತಲೆಯಾಗಿ ಎಲ್ಲರ ನಡುವೆ ಕೂತಿತ್ತು. ಈಗ ದೋಣಿ ತಿರುಗುತ್ತದೆ, ಯಾರೋ ಒಬ್ಬರು ಇಳಿಯುತ್ತಾರೆ, ಅವಳು ಹತ್ತುತ್ತಾಳೆ ಎಂದುಕೊಂಡೆ. ನಾಚಿಕೆಯ ಜೊತೆಗೆ ಒಂದು ಬಗೆಯ ನೆಮ್ಮದಿಯೂ ಆಯಿತು. ಆದರೆ ನನಗೆ ಜನರ ಬಗ್ಗೆ ಏನೂ ಗೊತ್ತಿರಲಿಲ್ಲ. ಅವಳಿಗೆ ತಲೆಸುತ್ತು ಇಲ್ಲವಾದರೆ, ಅವರೆಲ್ಲ ಕೂತಿರುವುದು ಅವಳ ಜಾಗದಲ್ಲಿ ಎಂದಾಗುತ್ತಿತ್ತು. ಅದು ಯಾರಿಗೂ ಬೇಕಿರಲಿಲ್ಲ.

"ಅದೇ ನೋಡಿ," ಎಂದರು ಹೆಡ್ಮಾಸ್ಟರು ಗಂಟಲು ಸರಿಮಾಡಿಕೊಂಡು. "ಅಷ್ಟು ಎತ್ತರ ಹತ್ತಿದ್ದಕ್ಕೇ ಶುರುವಾಗಿದೆ. ಎತ್ತರಕ್ಕೂ ಕಿವಿಗೂ ಸಂಬಂಧ ಇದೆ."

"ಖಂಡಿತ," ಎಂದರು ಸಾಹೇಬರು.

"ಚಿಕ್ಕಂದಿನಿಂದಲೂ ಇದೆ ಸಾರ್," ಎಂದ ಭಾವ. "ಬಕೆಟ್ಟಿನಲ್ಲಿ ನೀರು ಕಂಡ್ರೆ ಬೀಳ್ತಿದ್ಲು. ನಾನೇ ಎಷ್ಟೋ ಸಲ ಹಿಡ್ಕೊಂಡಿದ್ದೀನಿ." ಹೇಳುತ್ತಾ ಹೇಳುತ್ತಾ ಅವನಿಗೇ ಅದು ನೆನಪಿಗೆ ಬಂದು ಕಣ್ಣು ಒದ್ದೆಯಾಯಿತು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಕಷ್ಟದ ಕೆಲಸವಲ್ಲ.

ಆಮೇಲೆ ಯಾತ್ರೆ ಸಾಂಗವಾಗಿ ನಡೆಯಿತು. ಹೆಡ್ಮಾಸ್ಟರು ಎದ್ದು ನಿಂತು, ನದಿ ಎತ್ತರದಿಂದ ತಗ್ಗಿಗೆ ಹರಿಯುತ್ತದೆ ಎಂದು ತಿಳಿಸಿದರು. ತಿರುವಿನಲ್ಲಿ ದೋಣಿ ಹೊರಳಿದಾಗ ಹಾಯಿಯ ಅಡ್ಡದಂಡ ಬೀಸಿ ಬಂತು. ದೋಣಿಯವನು "ತಲೆ!" ಎಂದು ಕೂಗಿದ. ಹಾಗೆ ಕೂಗಿದ್ದು ಯಾರನ್ನು ಎಂದು ನೋಡಲು ಸಾಹೇಬರು ತಲೆ ಎತ್ತಿದರು. ಠಣ್ ಎಂದಿತು. ಸಾಹೇಬರು ಹಣೆ ಹಿಡಿದುಕೊಂಡು ಬಗ್ಗಿದ ಆ ಘಳಿಗೆಯಲ್ಲೇ, ಅಷ್ಟು ಹೊತ್ತು ಮುಖ ಬಿಳಿಚಿಕೊಂಡು ಕೂತಿದ್ದ ಭಾವ ಕಿಟಕಿ ಹುಡುಕಿದ. ಎಲ್ಲಾ ಕಡೆ ಕಿಟಕಿಯೇ ಇದ್ದರೂ ಅವನಿಗೆ ಸಿಕ್ಕಿದ್ದು ಸಾಹೇಬರ ಬೂಟು.

ಸೂರ್ಯಾಸ್ತ ಬಹಳ ಚೆನ್ನಾಗಿತ್ತಂತೆ. ನಾನು ಆಗ ಬಗ್ಗಿಕೊಂಡು ಬೂಟು ಒರೆಸುತ್ತಿದ್ದೆ.

ಕಟ್ಟೆಗೆ ಬಂದಾಗ ಅತ್ತೆಯವರು ಎಚ್ಚರಾಗಿ, "ಯಾವಾಗ ಹೊರಡೋದು?" ಎಂದು ಕೇಳಿದರು. ನನ್ನ ಹೆಂಡತಿ ಬಿಟ್ಟ ಜಾಗದಲ್ಲೇ ನಿಂತಿದ್ದಳು. ಕೋಲು, ಕೊಡೆ, ಕೋಟು, ಚೀಲ, ಒಂದೊಂದನ್ನೂ ಅವರವರ ಕೈಗೆ ಕೊಟ್ಟಳು. ಸಾಹೇಬರ ಹೆಂಡತಿ ಅವಳ ಗಲ್ಲ ಮುಟ್ಟಿ, "ನೀನು ಬರದಿದ್ದದ್ದೇ ಒಳ್ಳೇದಾಯ್ತು ತಾಯಿ," ಎಂದರು.

ಅಲ್ಲಿಂದ ಮುಂದೆ ಆ ತಲೆಸುತ್ತು ನನ್ನ ಕೈ ಮೀರಿ ಬೆಳೆಯಿತು. ಹೆಡ್ಮಾಸ್ಟರು ತಮ್ಮ ಟಾನಿಕ್ಕಿನ ಶೀಸೆಯಲ್ಲಿ ಅರ್ಧ ತಂದುಕೊಟ್ಟರು. ಭಾವ ಅಂಗಡಿಗೆ ಬಂದವರಿಗೆಲ್ಲ ಬಕೆಟ್ಟಿನ ಕಥೆ ಹೇಳಿದ. ಕಾರ್ಖಾನೆಗೆ ಹೋಗುವ ದಾರಿಯಲ್ಲಿ ನದಿಗೆ ಸೇತುವೆ ಇದೆ. ಅಲ್ಲಿ ನಮ್ಮ ಬೀದಿಯ ಹೆಂಗಸರು ಅವಳನ್ನು ಆಚೆ ಈಚೆ ರಟ್ಟೆ ಹಿಡಿದು ದಾಟಿಸತೊಡಗಿದರು. "ಕೆಳಗೆ ನೋಡಬೇಡಿ, ನಮ್ಮ ಮುಖ ನೋಡಿ," ಎನ್ನುತ್ತಿದ್ದರಂತೆ. ಕಚೇರಿಯಲ್ಲಿ ಸಾಹೇಬರೇ ಒಮ್ಮೆ ಕರೆದು, "ಹೆಂಗಸರ ಆರೋಗ್ಯ ನಿರ್ಲಕ್ಷ್ಯ ಮಾಡಬಾರದು ಕಣ್ರೀ," ಎಂದು ಗದರಿದರು.

ಕಡೆಗೆ ಸುದ್ದಿ ಕಾರ್ಖಾನೆಯ ಯಜಮಾನರಿಗೂ ಮುಟ್ಟಿತು. ಅವರು ದಯಾಳು. ಸೂಜಿ ಓಡುವಾಗ ತಲೆ ಸುತ್ತಿದರೆ ಬೆರಳು ಹೋದೀತು ಎಂದು ಅವಳ ಮೆಷಿನ್ನನ್ನು ನದಿಯ ಕಿಟಕಿಯಿಂದ ಎತ್ತಿಸಿ, ಒಳಗೆ ಗೋದಾಮಿನ ಗೋಡೆಗೆ ಹಾಕಿಸಿದರು. ದೋಣಿಯವನಿಗೆ ಮುಂಭಾಗದ ಚಿಕ್ಕ ಹಾಯಿ ಒಂದು ಬೇಕಾಗಿತ್ತು. ಆ ಕೆಲಸವನ್ನು ಬೇರೆಯವಳಿಗೆ ಕೊಟ್ಟು, ಇವಳಿಗೆ ಲಾರಿ ಟಾರ್ಪಾಲು ಕೊಟ್ಟರು.

ಇದು ಕೇಳಿದ ದಿನ ನಾನು ಕಚೇರಿ ಬಿಟ್ಟು ನೇರ ಯಜಮಾನರ ಹತ್ತಿರ ಹೋದೆ. "ಅವಳಿಗೆ ತಲೆಸುತ್ತು ಇಲ್ಲ ಸಾರ್. ಎಂದೂ ಇರಲಿಲ್ಲ. ನಾನು ಸುಮ್ಮನೆ ಹೇಳಿದ್ದು," ಎಂದೆ. ಒಂದೇ ಉಸಿರಿಗೆ ಎಂದೆ.

ಯಜಮಾನರು ನನ್ನ ಭುಜ ತಟ್ಟಿದರು. "ನಿಮ್ಮ ಕಷ್ಟ ಅರ್ಥ ಆಗುತ್ತೆ. ಕೆಲಸದಿಂದ ತೆಗೀತೀನಿ ಅಂತ ಹೆದರಬೇಡಿ, ತೆಗೆಯಲ್ಲ. ಆದ್ರೆ ಕಾಯಿಲೆ ಮುಚ್ಚಿಡೋದು ತಪ್ಪು. ನಿಮ್ಮ ಸಾಹೇಬರೇ ಹೇಳಿದ್ದಾರೆ, ಹೆಡ್ಮಾಸ್ಟರು ಹೇಳಿದ್ದಾರೆ, ಸ್ವಂತ ಅಣ್ಣ ಹೇಳಿದ್ದಾನೆ. ಅಷ್ಟು ಜನ ಸುಳ್ಳು ಹೇಳ್ತಾರಾ?"

ಮನೆಯಲ್ಲಿ ಹೆಡ್ಮಾಸ್ಟರಿಗೂ ನಿಜ ಹೇಳಿದೆ. "ಗಂಡನಾದವನು ಹೀಗೆ ಮಾತಾಡೋದಾ?" ಎಂದು ಮೂರು ದಿನ ಮಾತು ಬಿಟ್ಟರು.

ಎಲ್ಲ ದಾರಿಯೂ ಮುಚ್ಚಿದ ಮೇಲೆ ಅವಳ ಹತ್ತಿರ ಹೋದೆ. "ಇನ್ನೊಂದು ಸಲ ಎರಡು ಸೀಟು ಹೇಳ್ತೀನಿ ಕಣೇ. ಯಾರಿಗೂ ತಿಳಿಸೋದು ಬೇಡ. ನಾವಿಬ್ಬರೇ."

ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. "ಯಾರಾದ್ರೂ ನೋಡಿದ್ರೆ?"

"ನೋಡಿದ್ರೆ ನೋಡಲಿ."

"ನೋಡಿ ಕೇಳಿದ್ರೆ, ಏನು ಹೇಳ್ತೀರಿ?"

ನಾನು ಯೋಚಿಸತೊಡಗಿದೆ. ಯೋಚಿಸಿ ಮುಗಿಯುವಷ್ಟರಲ್ಲಿ ಬಟ್ಟೆ ಮಡಿಸಿ ಮುಗಿದಿತ್ತು.

ಮೊನ್ನೆ ಸಂಜೆ ಕಾರ್ಖಾನೆ ಬಿಡುವ ಹೊತ್ತಿಗೆ ನಾನೇ ಹೋಗಿ ಅವಳನ್ನು ಕರೆದುಕೊಂಡು ಬಂದೆ. ಸೇತುವೆಯ ಮೇಲೆ ಬಿಸಿಲು ಹಳದಿಯಾಗಿತ್ತು, ಗಾಳಿ ಚೆನ್ನಾಗಿತ್ತು. ಕೆಳಗೆ ದೋಣಿಕಟ್ಟೆಯ ಕಡೆಯಿಂದ ಹಾಯಿದೋಣಿ ಬರುತ್ತಿತ್ತು. ಹಾಯಿ ತುಂಬಿಕೊಂಡು ನಮ್ಮ ಕಡೆಗೇ ಬರುತ್ತಿತ್ತು. ಅದರ ಕೆಳಗೆ ಯಾರೋ ಆರು ಜನ ಕೂತು ನಗುತ್ತಿದ್ದರು.

"ನೋಡೇ, ನಿನ್ನ ಹಾಯಿ," ಎಂದೆ.

ಅವಳು ನದಿಯ ಕಡೆ ತಿರುಗಲಿಲ್ಲ. "ಕೈ ಹಿಡ್ಕೊಳ್ಳಿ," ಎಂದಳು.

ನನಗೆ ಎಷ್ಟೋ ಸಮಾಧಾನವಾಯಿತು. ತಕ್ಷಣ ಹಿಡಿದುಕೊಂಡೆ.

"ಇನ್ನೂ ಗಟ್ಟಿಯಾಗಿ ಹಿಡ್ಕೊಳ್ಳಿ. ಎದುರಿಗೆ ಹೆಡ್ಮಾಸ್ಟರು ಬರ್ತಿದ್ದಾರೆ. ನಿಮ್ಮ ಮಾತು ಸುಳ್ಳಾಗಬಾರದು."

ಹೆಡ್ಮಾಸ್ಟರು ಹತ್ತಿರ ಬಂದು ನಿಂತು, "ಭೇಷ್, ಗಂಡ ಅಂದ್ರೆ ಹೀಗಿರಬೇಕು," ಎಂದು ತಲೆದೂಗಿದರು. ದೋಣಿ ಸೇತುವೆಯ ಹತ್ತಿರ ಬಂದು, ಹಾಯಿ ಒಮ್ಮೆ ಪಟಪಟ ಬಡಿದು, ತಿರುಗಿ ಹೋಗುವ ತನಕ ಅವಳು ಕಣ್ಣು ಮುಚ್ಚಿಕೊಂಡೇ ನಿಂತಿದ್ದಳು.